ಒಂಬತ್ತನೇ ಲೆಕ್ಕಕ್ಕೆ ಎರಡು ಅಂಕ

ಹೊಸ ಗಣಿತ ಪುಸ್ತಕದ ಬಗೆಗಿನ ಸಭೆ ಶುರುವಾಗಬೇಕಿದ್ದದ್ದು ಎರಡು ಗಂಟೆಗೆ. ಮೂರೂಕಾಲಾದರೂ ಗಣಿತದ ಸುದ್ದಿಯೇ ಬಂದಿರಲಿಲ್ಲ. ಮೊದಲ ಅರ್ಧ ಗಂಟೆ ಮೈಕು ಕೈಕೊಟ್ಟಿತು. ಆಮೇಲೆ ಮುಂದಿನ ಸಾಲು ಪೋಷಕರಿಗೋ ಪತ್ರಕರ್ತರಿಗೋ ಎಂಬ ಜಗಳ. ಅದು ಮುಗಿಯಿತು ಅನ್ನುವಾಗ ಒಬ್ಬ ನಿವೃತ್ತ ಎಂಜಿನಿಯರು ಹದಿನಾಲ್ಕು ಪುಟ ಬರೆದುಕೊಂಡು ಬಂದು, ತಾವು ಚಿಕ್ಕವರಿದ್ದಾಗ ಮೂವತ್ತರವರೆಗೆ ಮಗ್ಗಿ ಹೇಗೆ ಬಾಯಿಪಾಠ ಮಾಡಿದರು ಎಂದು ಓದತೊಡಗಿದರು. ನಾಲ್ಕನೇ ಪುಟಕ್ಕೆ ಅವರಿನ್ನೂ ಹದಿಮೂರರ ಮಗ್ಗಿಯಲ್ಲೇ ಇದ್ದರು.

ನಾನು ಇಪ್ಪತ್ತಾರು ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುವವಳು. ಅಷ್ಟರಲ್ಲಿ ಐದು ಸಲ ಪುಸ್ತಕ ಬದಲಾಗಿದೆ, ಐದು ಸಲವೂ ಊರು ಜಗಳವಾಡಿದೆ, ಐದು ಸಲವೂ ಮಕ್ಕಳು ಭಿನ್ನರಾಶಿ ಕಂಡರೆ ಹೆದರುವುದು ಮಾತ್ರ ತಪ್ಪಿಲ್ಲ. ಈ ಸಲದ ಹೊಸ ಪುಸ್ತಕದಲ್ಲಿ ಪ್ರತಿ ಅಭ್ಯಾಸದ ಕೊನೆಗೆ ಒಂದು ಪ್ರಶ್ನೆ ಇದೆ: ಈ ಲೆಕ್ಕ ಮಾಡುವಾಗ ನಿನಗೆ ಏನನ್ನಿಸಿತು? ನನ್ನ ತರಗತಿಯ ಒಬ್ಬ ಹುಡುಗ ‘ಹಸಿವು’ ಎಂದು ಬರೆದಿದ್ದ. ಅದಕ್ಕೆ ಎಷ್ಟು ಅಂಕ ಕೊಡಬೇಕು ಎಂದು ಮಾರ್ಗದರ್ಶಿಯಲ್ಲಿ ಹುಡುಕಿ ಸುಸ್ತಾದೆ.

ಈ ಪ್ರಶ್ನೆಯ ಮೇಲೇ ಸಭೆಯಲ್ಲಿ ಮುಕ್ಕಾಲು ಗಂಟೆ ಕೂಗಾಟ ನಡೆಯಿತು. ಒಬ್ಬರಿಗೆ ಇದು ಮಕ್ಕಳ ಮನಸ್ಸು ಅರಳಿಸುವ ಕೆಲಸ, ಇನ್ನೊಬ್ಬರಿಗೆ ದೇಶ ಹಾಳುಮಾಡುವ ಸಂಚು. ಮಗ್ಗಿ ಬೇಕು, ಮಗ್ಗಿ ಬೇಡ, ಕ್ಯಾಲ್ಕುಲೇಟರ್ ಕೊಡಿ, ಕ್ಯಾಲ್ಕುಲೇಟರ್ ಸುಡಿ. ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಯಿತು. ಯಾಕೆಂದರೆ ನಿಜವಾದ ಪೆಟ್ಟು ಇದ್ದದ್ದು ಆ ಪ್ರಶ್ನೆಯಲ್ಲಲ್ಲ, ಪುಸ್ತಕದ ಜೊತೆ ಬಂದ ಒಂದು ನಮೂನೆಯಲ್ಲಿ. ಕೂಗಾಡಿದವರಲ್ಲಿ ಯಾರೂ ಅದರ ಬಗ್ಗೆ ಪಿಟ್ಟೆನ್ನಲಿಲ್ಲ.

ನಮೂನೆ ಹೇಳುವುದು ಇಷ್ಟು. ಏಳನೇ ತರಗತಿಯ ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತೈದು ಅಂಕವಾದರೂ ಬಂದ ಮಗುವಿಗೆ ‘ಪೂರ್ಣ ಗಣಿತ’. ಬಾರದ ಮಗುವಿಗೆ ‘ಬಳಕೆ ಗಣಿತ’. ಬಳಕೆ ಗಣಿತದಲ್ಲಿ ಬೀಜಗಣಿತವಿಲ್ಲ, ರೇಖಾಗಣಿತದ ಸಾಧನೆಗಳಿಲ್ಲ. ಆ ದಾರಿ ಹಿಡಿದ ಮಗು ಮುಂದೆ ವಿಜ್ಞಾನ ಓದುವ ಹಾಗಿಲ್ಲ. ಖಾಸಗಿ ಶಾಲೆಗಳಿಗೆ ಈ ಗೊಡವೆಯೇ ಇಲ್ಲ. ನಮ್ಮ ಶಾಲೆಯ ನಲವತ್ತೆರಡು ಮಕ್ಕಳನ್ನು ಎರಡು ರಾಶಿ ಮಾಡಿ ನಾನು ಶುಕ್ರವಾರದೊಳಗೆ ಸಹಿ ಹಾಕಿ ಕಳಿಸಬೇಕಿತ್ತು. ಸಭೆ ನಡೆದದ್ದು ಬುಧವಾರ.

ವೇದಿಕೆಯ ಮೇಲೆ ಕೂತು ಈ ಎರಡು ದಾರಿಯನ್ನು ಸಮರ್ಥಿಸುತ್ತಿದ್ದವಳು ನನ್ನ ತಂಗಿ. ಅವಳು ಪಠ್ಯಕ್ರಮ ಸಮಿತಿಯ ಸದಸ್ಯೆ, ಕಾಲೇಜಿನಲ್ಲಿ ಗಣಿತದ ಪ್ರೊಫೆಸರು. ನಮ್ಮಪ್ಪನೂ ಗಣಿತದ ಮೇಷ್ಟ್ರೇ. ಒಂದೇ ಸ್ಲೇಟಿನ ಒಂದು ಬದಿಯಲ್ಲಿ ನನ್ನಿಂದ, ಇನ್ನೊಂದು ಬದಿಯಲ್ಲಿ ಅವಳಿಂದ ಲೆಕ್ಕ ಮಾಡಿಸಿದವರು.

“ಯಾವ ದಾರಿಯೂ ಮೇಲಲ್ಲ, ಯಾವ ದಾರಿಯೂ ಕೀಳಲ್ಲ,” ಎಂದಳು ತಂಗಿ ಮೈಕಿನಲ್ಲಿ, ತಾಳ್ಮೆಯಿಂದ. “ಎರಡೂ ಸಮಾನ.”

ಆ ತಾಳ್ಮೆಗೇ ನನ್ನ ಮೈ ಉರಿದದ್ದು. ಎದ್ದು ನಿಂತೆ. ಕೈಗೆ ಮೈಕು ಬರುವವರೆಗೆ ಕಾಯಲಿಲ್ಲ. ತರಗತಿಯ ಕೊನೇ ಬೆಂಚಿಗೆ ಕೇಳಿಸುವ ಗಂಟಲು ನನ್ನದು.

“ನನ್ನ ಚೀಲದಲ್ಲಿ ಒಂದು ಉತ್ತರ ಪತ್ರಿಕೆ ಇದೆ,” ಎಂದೆ. “ನಲವತ್ನಾಲ್ಕು ಅಂಕ. ಒಂದೇ ಒಂದು ಅಂಕಕ್ಕೆ ಹನ್ನೆರಡು ವರ್ಷದ ಮಗುವಿನ ಮುಖದ ಮೇಲೆ ಬಾಗಿಲು ಹಾಕ್ತಾ ಇದ್ದೀರಿ. ಆ ಬಾಗಿಲಿಗೆ ‘ಸಮಾನ’ ಅಂತ ಬೋರ್ಡ್ ಬೇರೆ. ನಿಮ್ಮಲ್ಲಿ ಯಾರು ನಿಮ್ಮ ಮಕ್ಕಳನ್ನ ಬಳಕೆ ಗಣಿತಕ್ಕೆ ಕಳಿಸ್ತೀರಿ, ಕೈ ಎತ್ತಿ ನೋಡೋಣ.”

ಯಾರೂ ಕೈ ಎತ್ತಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ತಂಗಿ ನೀರು ಕುಡಿದಳು. ಅಧ್ಯಕ್ಷರು ಎಲ್ಲರ ಅಭಿಪ್ರಾಯವನ್ನೂ ದಾಖಲಿಸಿಕೊಳ್ಳಲಾಗಿದೆ ಎಂದು ಹೇಳಿ ಎದ್ದುಹೋದರು. ಶುಕ್ರವಾರದ ಗಡುವು ಇದ್ದಲ್ಲೇ ಇತ್ತು.

ಹೊರಗೆ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ನನ್ನನ್ನು ತಡೆದಳು. ಶಾಲೆಯ ಹಿಂದಿನ ಬೀದಿಯಲ್ಲಿ ಬ್ಯಾಗ್ ರಿಪೇರಿ ಅಂಗಡಿ ಇಟ್ಟವಳು. ನಮ್ಮ ಶಾಲೆಯ ಅರ್ಧದಷ್ಟು ಬ್ಯಾಗುಗಳ ಜಿಪ್ಪು ಅವಳ ಕೈಯಲ್ಲೇ ಸರಿಯಾಗಿರುವುದು. ಅವಳ ಮಗಳು ನನ್ನ ತರಗತಿಯವಳು. ಎಣ್ಣೆ ಹಚ್ಚಿ ಎಳೆದು ಕಟ್ಟಿದರೂ ಗೇಣುದ್ದ ದಾಟದ ಜಡೆಯಿಂದಾಗಿ ಮಕ್ಕಳೆಲ್ಲ ಆ ಹುಡುಗಿಯನ್ನು ಮೋಟುಜಡೆ ಎನ್ನುತ್ತಾರೆ.

“ಆ ನಲವತ್ನಾಲ್ಕು ನಮ್ಮೋಳ್ದಾ, ಟೀಚರ್?”

ಹೇಳುವ ಹಾಗಿರಲಿಲ್ಲ. ಹೇಳಲೂ ಇಲ್ಲ. ಆದರೆ ಅಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು.

“ಅವಳು ದಿನಾ ಅದನ್ನೇ ಹಿಡ್ಕೊಂಡು ಕೂತಿರ್ತಾಳೆ,” ಎಂದಳು. “ಎಕ್ಸು ವೈಯಿ ಅಂತ. ಇನ್ಮೇಲೆ ಅದು ಇರಲ್ವಂತೆ ಅಂತ ನಾನು ಹೇಗೆ ಹೇಳ್ಲಿ?”

ನಾನು ಸರ್ಕಾರವನ್ನು ಬೈದೆ, ಸಮಿತಿಯನ್ನು ಬೈದೆ. ಬೈಯುವುದರಲ್ಲಿ ನನ್ನದು ಎತ್ತಿದ ಕೈ. ಅವಳು ಕೇಳಿಸಿಕೊಂಡು ಅಂಗಡಿಯ ಕಡೆ ನಡೆದಳು.

ಸಂಜೆ ಆರಕ್ಕೆ ತಂಗಿ ಮನೆಗೆ ಬಂದಳು. ಮಧ್ಯಾಹ್ನ ತುಂಬಿದ ಸಭೆಯಲ್ಲಿ ಮುಖ ಕೆಡಿಸಿಕೊಂಡವರು ಸಂಜೆಗೆ ಬರುವುದೆಂದರೆ ಏನೋ ಇದೆ ಎಂದುಕೊಂಡೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಕೇಳದೆಯೇ ಅಡುಗೆಮನೆಯ ಸ್ಟೂಲ್ ಎಳೆದುಕೊಂಡು ಕೂತಳು. ಎರಡು ನಿಮಿಷ ನನ್ನ ಗಂಟಲು ಶಾಲಾ ಗಂಟೆಗಿಂತ ಜೋರು ಎಂದು ಛೇಡಿಸಿದಳು. ಆಮೇಲೆ ದನಿ ಇಳಿಯಿತು.

“ಅಕ್ಕ, ಚಿನ್ನಿಗೆ ಎಷ್ಟು ಬಂದಿದೆ?”

ಚಿನ್ನಿ ಅವಳ ಮಗಳು, ನನ್ನ ತರಗತಿಯಲ್ಲೇ ಓದುವವಳು. ಸರ್ಕಾರಿ ಶಾಲೆಗೆ ನೀತಿ ರೂಪಿಸುವವರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದಬೇಕು ಎಂದು ತಂಗಿ ಹಟ ಹಿಡಿದು ಸೇರಿಸಿದ್ದಳು. ಆ ವಿಷಯದಲ್ಲಿ ಅವಳ ಬಗ್ಗೆ ನನಗೆ ಹೆಮ್ಮೆಯೇ ಇದೆ. ಚಿನ್ನಿ ಚಿತ್ರ ಚೆನ್ನಾಗಿ ಬರೆಯುತ್ತಾಳೆ, ಮಾತು ಚೆನ್ನಾಗಿ ಆಡುತ್ತಾಳೆ. ಗಣಿತ ಮಾತ್ರ ಅವಳ ಹತ್ತಿರ ಸುಳಿಯುವುದಿಲ್ಲ.

“ಯಾಕೆ? ಎರಡೂ ದಾರಿ ಸಮಾನ ಅಲ್ವಾ?” ಎಂದೆ.

“ಆಡ್ಕೋ. ಆಡ್ಕೊಳ್ಳೋ ಹಕ್ಕು ನಿನಗಿದೆ,” ಎಂದಳು. “ಒಂದೆರಡು ಅಂಕ ಕಡಿಮೆ ಇದ್ರೆ ಎಲ್ಲಾದರೂ ನೋಡೋಕಾಗುತ್ತಾ ಅಂತ ಕೇಳೋಕೆ ಬಂದೆ. ಕೇಳೋಕೆ ನಾಚಿಕೆ ಆಗ್ತಿದೆ. ಆದ್ರೂ ಬಂದೆ.”

ಆ ಕ್ಷಣ ನನಗಾದ ಸುಖವನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಇಪ್ಪತ್ತಾರು ವರ್ಷದಲ್ಲಿ ನಾನು ಯಾರಿಗೂ ಕೃಪಾಂಕ ಕೊಟ್ಟವಳಲ್ಲ. ಹೆಡ್‌ಮಾಸ್ತರು ಕೈಮುಗಿದರೂ ಅರ್ಧ ಅಂಕ ಅಲುಗಿಸಿದವಳಲ್ಲ. ಚೀಲ ತಂದು ಪತ್ರಿಕೆಗಳ ಕಟ್ಟು ಬಿಚ್ಚಿ, ಚಿನ್ನಿಯದನ್ನು ಎಳೆದು ಅವಳ ಮುಂದೆ ಇಟ್ಟೆ.

“ನಲವತ್ತೈದು. ಸರಿಯಾಗಿ ಗೆರೆ ಮೇಲೆ. ಸ್ವಂತ ಬಲದಿಂದ. ನಿನ್ನ ನಾಚಿಕೆ ಮನೆಗೆ ತಗೊಂಡು ಹೋಗು.”

ತಂಗಿಯ ಮುಖ ಅರಳಿತು. ಕಣ್ಣಲ್ಲಿ ನೀರೂ ಬಂತು. ಮಗಳ ಅಕ್ಷರವನ್ನು ಒಂದೊಂದೇ ಪುಟ ತಿರುವಿ ನೋಡುತ್ತಾ ಹೋದಳು. ನಾನು ಒಲೆಯ ಕಡೆ ತಿರುಗಿ ಹಾಲು ಕಾಯಲು ಇಟ್ಟೆ. ಪುಟ ತಿರುಗಿಸುವ ಸದ್ದು ನಿಂತಿತು.

“ಅಕ್ಕ, ಈ ಒಂಬತ್ತನೇದಕ್ಕೆ ಎರಡು ಕೊಟ್ಟಿದ್ದೀಯಲ್ಲ.”

ಒಂಬತ್ತನೇ ಲೆಕ್ಕ ಒಂದು ಸಮೀಕರಣ. ಎಡಗಡೆ ಆವರಣದೊಳಗೆ x ಕಳೆ ನಾಲ್ಕು, ಅದರ ಹೊರಗೆ ಮೂರು. ಬಲಗಡೆ 2x ಕೂಡಿಸು ಐದು. ಆವರಣ ಬಿಡಿಸುವಾಗ ಮೂರರಿಂದ xನ್ನೂ ಗುಣಿಸಬೇಕು, ನಾಲ್ಕನ್ನೂ ಗುಣಿಸಬೇಕು. ಚಿನ್ನಿ xನ್ನು ಮಾತ್ರ ಗುಣಿಸಿ, ನಾಲ್ಕನ್ನು ಹಾಗೇ ಬಿಟ್ಟಿದ್ದಳು. ಮುಂದಿನದೆಲ್ಲ ನೀಟಾಗಿ ಮಾಡಿ ಒಂಬತ್ತು ಎಂದು ಉತ್ತರ ಬರೆದಿದ್ದಳು. ಬರಬೇಕಿದ್ದದ್ದು ಹದಿನೇಳು.

ಮೂರು ಅಂಕದ ಲೆಕ್ಕ. ಮೊದಲ ಹೆಜ್ಜೆ ತಪ್ಪಿದರೆ ಮುಂದಿನ ಎಲ್ಲಕ್ಕೂ ಸೊನ್ನೆ. ಇದು ಅಪ್ಪನ ನಿಯಮ, ನನ್ನ ನಿಯಮ, ವರ್ಷದ ಮೊದಲ ದಿನವೇ ನಾನು ಹಲಗೆಯ ಮೇಲೆ ಬರೆದು ಹೇಳುವ ನಿಯಮ. ಚಿನ್ನಿಯ ಲೆಕ್ಕದ ಪಕ್ಕದಲ್ಲಿ ನನ್ನದೇ ಕೆಂಪು ಶಾಯಿಯಲ್ಲಿ ದುಂಡಗೆ ಎರಡು ಎಂದಿತ್ತು.

“ಅಪ್ಪ ಆಗಿದ್ರೆ ಸೊನ್ನೆ ಸುತ್ತಿರೋರು,” ಎಂದಳು ತಂಗಿ ಮೆಲ್ಲಗೆ.

“ಮುಂದಿನ ಹೆಜ್ಜೆಗಳು ಸರಿಯಾಗಿವೆ,” ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ನನಗೇ ಕೇಳಿಸಿತು.

“ಸರಿಯಾಗಿವೆ. ನಾನೇನು ಬೇಡ ಅಂತೀನಾ? ಹೊಸ ಮಾರ್ಗದರ್ಶೀಲೂ ಹೀಗೆ ಕೊಡಬಹುದು ಅಂತಿದೆ. ಅದು ಟೀಚರ್‌ಗೆ ಬಿಟ್ಟಿದ್ದು.” ಅವಳು ಪತ್ರಿಕೆ ಮಡಿಸಿ ಕಟ್ಟಿನ ಮೇಲಿಟ್ಟಳು. “ನೀನು ಇಷ್ಟು ಬದಲಾಗಿದ್ದೀಯ ಅಂತ ಗೊತ್ತಿರಲಿಲ್ಲ, ಅಷ್ಟೆ.”

ಹಾಲು ಉಕ್ಕಿ ಒಲೆಯೆಲ್ಲ ಹರಡಿತು. ತಂಗಿ ಬಟ್ಟೆ ತಂದು ಒರೆಸಿ, ನನ್ನ ಭುಜ ತಟ್ಟಿ ಹೊರಟಳು. ಅವಳ ಹೆಜ್ಜೆ ಬಂದಾಗಿನದಕ್ಕಿಂತ ಹಗುರವಾಗಿತ್ತು.

ಅವಳು ಗೇಟು ದಾಟುವ ಮೊದಲೇ ನಾನು ಕಟ್ಟು ಹರಡಿಕೊಂಡು ಕೂತಿದ್ದೆ. ನಲವತ್ತೆರಡು ಪತ್ರಿಕೆಗಳ ಒಂಬತ್ತನೇ ಲೆಕ್ಕ ಮಾತ್ರ ನೋಡಿದೆ. ಅದೇ ತಪ್ಪನ್ನು ಎಂಟು ಮಕ್ಕಳು ಮಾಡಿದ್ದರು. ಏಳು ಮಂದಿಗೆ ಸೊನ್ನೆ, ಒಬ್ಬಳಿಗೆ ಎರಡು. ಏಳರಲ್ಲಿ ಆರು ಮಂದಿಗೆ ಆ ಎರಡು ಅಂಕದಿಂದ ಆಗುವುದೇನೂ ಇರಲಿಲ್ಲ. ಕೆಲವರು ಎಪ್ಪತ್ತರ ಮೇಲಿದ್ದರು, ಕೆಲವರು ಮೂವತ್ತರ ಕೆಳಗೆ. ಏಳನೆಯವಳು ಮೋಟುಜಡೆ. ಅವಳ ಲೆಕ್ಕವೂ ಚಿನ್ನಿಯದೂ ಅಕ್ಷರ ಬಿಟ್ಟರೆ ಸಾಲಿಗೆ ಸಾಲು ಒಂದೇ ಆಗಿದ್ದವು.

ಬೇಕೆಂದು ಮಾಡಿದ್ದಲ್ಲ, ಆಣೆ ಮಾಡಿ ಹೇಳಬಲ್ಲೆ. ಬೇಕೆಂದು ಮಾಡಿದ್ದರೆ ಒಂದು ರೀತಿ ವಾಸಿಯಿತ್ತು, ಆಗ ಮಾಡಿದ್ದಾದರೂ ನೆನಪಿರುತ್ತಿತ್ತು. ಅದೂ ಇರಲಿಲ್ಲ. ಚಿನ್ನಿಯ ಅಕ್ಷರ ಕಂಡ ಕೂಡಲೇ ಪಾಪ, ಮಗು ಕಷ್ಟಪಟ್ಟಿದೆ ಅನ್ನಿಸಿ ಎರಡು ಬಿದ್ದಿದೆ. ಇನ್ನೊಬ್ಬಳ ಅಕ್ಷರ ಕಂಡಾಗ ನಿಯಮ ನೆನಪಾಗಿದೆ. ಅದೇ ಸೊನ್ನೆ ಸುತ್ತಿದ ಪತ್ರಿಕೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಊರ ಮುಂದೆ ಗಂಟಲು ಹರಿದುಕೊಂಡಿದ್ದೆ. ನನ್ನ ಮೇಲೆ ನನಗೇ ಎಂಥ ರೋಷ ಬಂತೆಂದರೆ ಎದ್ದು ಹೋಗಿ, ಆಗಲೇ ಒರೆಸಿದ ಒಲೆಯನ್ನು ಮತ್ತೆ ಒರೆಸಿದೆ.

ಚಿನ್ನಿಯ ಎರಡನ್ನು ಕಿತ್ತುಕೊಂಡರೆ ಇಬ್ಬರೂ ಹೊರಗೆ. ಏಳು ಮಂದಿಗೂ ಎರಡು ಕೊಟ್ಟರೆ ಇಬ್ಬರೂ ಒಳಗೆ. ಅಪ್ಪನ ನಿಯಮವನ್ನು ಆಗಲೇ ನಾನು ಮುರಿದಾಗಿತ್ತು; ಒಬ್ಬಳಿಗಾಗಿ ಮುರಿದದ್ದನ್ನು ಎಂಟು ಮಂದಿಗೂ ಮುರಿದೆ. ಏಳು ಪತ್ರಿಕೆಗಳಲ್ಲಿ ಸೊನ್ನೆ ಹೊಡೆದು ಎರಡು ಬರೆದೆ. ತಿದ್ದಿದ ಅಂಕದ ಪಕ್ಕ ಸಹಿ, ತಾರೀಖು ಹಾಕಬೇಕು. ಏಳು ಕಡೆಯೂ ಹಾಕಿದೆ.

ಮರುದಿನ ಹೆಡ್‌ಮಾಸ್ತರು ತಿದ್ದುಪಡಿ ನೋಡಿ, “ನೀವಾ, ಟೀಚರ್?” ಎಂದು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಒಂದೇ ಚಿಂತೆ, ಮೇಲಿನವರು ಕೇಳಿದರೆ ಏನು ಹೇಳುವುದು ಎಂದು. ನನ್ನನ್ನೇ ಕೇಳಲು ಹೇಳಿ ಎಂದೆ.

ಶಾಲೆ ಬಿಟ್ಟ ಮೇಲೆ ಬ್ಯಾಗ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿ ಎಂದರೆ ಎರಡು ಆಳು ಅಗಲದ ಗೂಡು. ಗೋಡೆಯ ತುಂಬ ಹರಿದ ಪಟ್ಟಿಗಳು, ಡಬ್ಬಿಗಳಲ್ಲಿ ಜಿಪ್ಪಿನ ತುಂಡುಗಳು. ತಾಯಿ ಇಕ್ಕಳ ಹಿಡಿದು ಒಂದು ಸೂಟ್‌ಕೇಸಿನ ಜಿಪ್ಪಿನ ಹಲ್ಲು ಸರಿಮಾಡುತ್ತಿದ್ದಳು. ಮಗಳು ಹಿಂದೆ, ಕೆಟ್ಟ ಟ್ರಂಕೊಂದರ ಮೇಲೆ ಕೂತಿದ್ದಳು.

“ಅಂಕ ಹಾಕೋದ್ರಲ್ಲಿ ನನ್ನಿಂದ ತಪ್ಪಾಗಿತ್ತು,” ಎಂದೆ. “ನಲವತ್ತಾರು. ಅವಳಿಗೆ ಪೂರ್ಣ ಗಣಿತ.”

ತಾಯಿ ಇಕ್ಕಳ ಕೆಳಗಿಟ್ಟಳು. ಸೆರಗಿನಿಂದ ಸ್ಟೂಲ್ ಒರೆಸಿ ನನ್ನ ಕಡೆ ಸರಿಸಿದಳು. ಮಗಳು ಪತ್ರಿಕೆ ನೋಡಬಹುದಾ ಎಂದು ಕೇಳಿದಳು. ಕೊಟ್ಟೆ. ಸೀದಾ ಒಂಬತ್ತನೇ ಲೆಕ್ಕಕ್ಕೆ ಹೋದಳು.

“ಇದು ತಪ್ಪು, ಮಿಸ್. ನಾಲ್ಕನ್ನೂ ಗುಣಿಸಬೇಕಿತ್ತು. ಪರೀಕ್ಷೆ ಮುಗಿದ ದಿನಾನೇ ಗೊತ್ತಾಯ್ತು ನಂಗೆ.”

“ಮುಂದಿನ ಹೆಜ್ಜೆ ಸರಿ ಇದೆ. ಅದಕ್ಕೆ ಎರಡು.”

“ನೀವು ಕೊಡಲ್ವಲ್ಲ.”

“ಈ ಸಲ ಕೊಟ್ಟಿದ್ದೀನಿ. ಈ ತಪ್ಪು ಮಾಡಿದ ಎಂಟು ಜನಕ್ಕೂ.”

ಹುಡುಗಿ ಹೊಡೆದು ಹಾಕಿದ ಸೊನ್ನೆಯನ್ನೂ ಅದರ ಪಕ್ಕದ ಸಹಿಯನ್ನೂ ನೋಡಿದಳು. ಪರೀಕ್ಷೆ ಮುಗಿದ ಮೇಲೆ ಮಕ್ಕಳೆಲ್ಲ ಉತ್ತರ ಹೋಲಿಸಿಕೊಳ್ಳುತ್ತಾರೆ. ಯಾರ ತಪ್ಪು ಎಲ್ಲಿ ಎಂದು ಅವರಿಗೆ ನನಗಿಂತ ಮೊದಲೇ ಗೊತ್ತು.

“ಚಿನ್ನಿ ಪೇಪರಲ್ಲೂ ಹೀಗೇ ಹೊಡೆದು ಬರೆದಿದ್ದೀರಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆ ಪತ್ರಿಕೆಯನ್ನು ಅವಳು ಎಂದೂ ನೋಡುತ್ತಿರಲಿಲ್ಲ.

“ಇಲ್ಲ. ಅವಳಿಗೆ ಮೊದಲೇ ಎರಡು ಹಾಕಿದ್ದೆ.”

ತಾಯಿ ಮಗಳ ಕಡೆ ನೋಡಿದಳು, ಸುಮ್ಮನಿರು ಎನ್ನುವ ಹಾಗೆ. ಮಗಳು ಪತ್ರಿಕೆಯನ್ನು ಇದ್ದ ಹಾಗೇ ಮಡಿಸಿ ನನ್ನ ಕೈಗಿಟ್ಟಳು.

“ನಾನು ಕ್ಲಾಸಲ್ಲಿ ಏನಾದ್ರೂ ಮಾಡಿದ್ನಾ, ಮಿಸ್?”

“ಇಲ್ಲ ಕಂದ. ನೀನೇನೂ ಮಾಡಿಲ್ಲ.”

“ಮತ್ತೆ?”

“ಅವಳು ನನ್ನ ತಂಗಿ ಮಗಳು,” ಎಂದೆ.

ಹುಡುಗಿ ತಲೆಯಾಡಿಸಿದಳು. ಆವರಣ ಬಿಡಿಸುವುದನ್ನು ಅವಳಿಗೆ ಮೂರು ಸಲ ಹೇಳಿಕೊಡಬೇಕಾಗಿ ಬಂದಿತ್ತು. ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ, ನನಗೆ ನೋವಾದದ್ದು ಅದಕ್ಕೆ.