ಏಳು ಗಂಟೆಯ ಮಾತ್ರೆ

ಪಂಗಾನಿ ಊರಿನ ಬೀಬಿ ಝುಹೂರಾಳಿಗೆ ಮರೆವು ಶುರುವಾಗಿದೆ ಎಂದು ಮೊದಲು ಹೇಳಿದವನು ಹತೀಬು. ಹೇಳುವಾಗ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅದೇ ಕರಾವಳಿಯ ಟಾಂಗಾ ಪಟ್ಟಣದ ಸಣ್ಣ ಕಂಪನಿಯೊಂದರಲ್ಲಿ ಅವನು ವಯಸ್ಸಾದವರಿಗೆಂದೇ ಮಾತ್ರೆ ಪೆಟ್ಟಿಗೆ ರೂಪಿಸುತ್ತಿದ್ದ. ದಪ್ಪ ಅಂಕಿ, ಒಂದೇ ಗುಂಡಿ, ಅದೂ ಹೆಬ್ಬೆರಳಗಲ. ಕಣ್ಣು ಮಂಜಾದವರಿಗಾಗಿ ಪೆಟ್ಟಿಗೆಯೇ ಹೊತ್ತುಹೊತ್ತಿಗೆ ಮಾತಾಡುತ್ತಿತ್ತು. ದನಿ ಹತೀಬುವಿನದೇ. ಪರೀಕ್ಷೆಗೆಂದು ಹತ್ತು ಮನೆಗೆ ಕೊಟ್ಟರು. ಒಂಬತ್ತು ಮನೆಗಳಲ್ಲಿ ಸೊಸೆಯೋ ಮಗಳೋ ಪೆಟ್ಟಿಗೆಯ ಪರದೆಯ ಅಂಕಿ ನೋಡಿಕೊಂಡು ಮಾತ್ರೆ ಕೊಟ್ಟರು. ಬೀಬಿ ಝುಹೂರಾಳ ಮಗಳು ಸಲ್ಹಾ ಮಾತ್ರ ಬೆಳಕು ಹರಿಯುವ ಮೊದಲೇ ಮೀನುಪೇಟೆಗೆ ಹೋಗಿ ಕತ್ತಲಾದ ಮೇಲೆ ಬರುವವಳು. ನಲವತ್ತು ವರ್ಷ ಸೂಲಗಿತ್ತಿಯಾಗಿದ್ದ ಮುದುಕಿ, ನನ್ನ ರಕ್ತದೊತ್ತಡದ ಮಾತ್ರೆಗೆ ಇನ್ನೊಬ್ಬರು ಯಾಕೆ ಎಂದಿದ್ದಳು.

ನಾಲ್ಕು ವಾರ ಕಳೆದಾಗ, ಪೆಟ್ಟಿಗೆ ತೆರೆದ ಹೊತ್ತೆಲ್ಲ ದಾಖಲಾಗುವ ಕಚೇರಿಯ ಕಂಪ್ಯೂಟರಿನಲ್ಲಿ ಅವಳ ಸಾಲು ಪೂರ್ತಿ ಕೆಂಪಾಗಿತ್ತು. ಬೆಳಗಿನದೂ ತಪ್ಪು, ಸಂಜೆಯದೂ ತಪ್ಪು. ಹತೀಬು ಒಂದು ರಾತ್ರಿ ಪಂಗಾನಿಗೆ ಹೋಗಿ ಸಲ್ಹಾಳನ್ನು ಹಿತ್ತಲಿಗೆ ಕರೆದು, ಅಮ್ಮನಿಗೆ ಮರೆವು, ಒಲೆ ಹತ್ತಿರ ಒಬ್ಬಳನ್ನೇ ಬಿಡಬೇಡಿ ಎಂದ. ವರದಿಯಲ್ಲೂ ಹಾಗೇ ಬರೆದ.

ವಾರದ ಮೇಲೆ, ಒಂದು ಮುಂಜಾನೆ ಟೀ ಅಂಗಡಿಯಲ್ಲಿ ಪಕ್ಕದವನು ಗಂಟೆ ಕೇಳಿದ. ಮೊಬೈಲಿನಲ್ಲಿ ಏಳು ಎಂದಿತ್ತು. ಹತೀಬು ಯೋಚಿಸದೆ ‘ಒಂದು’ ಎಂದ. ಎಂದವನೇ ಲೋಟ ಕೆಳಗಿಟ್ಟ. ಆ ಕರಾವಳಿಯಲ್ಲಿ ಹಗಲಿನ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ, ರಾತ್ರಿಯದು ಮುಳುಗಿದಾಗಿನಿಂದ. ಗಡಿಯಾರ ಏಳು ತೋರಿಸಿದರೆ ಬಾಯಿ ಒಂದು ಎನ್ನುತ್ತದೆ. ಮಧ್ಯಾಹ್ನದ ಒಂದಕ್ಕೆ ಏಳು ಎನ್ನುತ್ತದೆ. ಹತೀಬು ಮಾತ್ರ ದನಿ ಮುದ್ರಿಸುವಾಗ, ಬೆಳಿಗ್ಗೆಗೂ ಸಂಜೆಗೂ, ಪಟ್ಟಿಯಲ್ಲಿದ್ದ ಅಂಕಿಯನ್ನು ಕಂಡಹಾಗೆ ಓದಿದ್ದ: ‘ಏಳು ಗಂಟೆ, ಮಾತ್ರೆ ತಗೊಳ್ಳಿ.’

ಕಚೇರಿಗೆ ಓಡಿ ಕೆಂಪು ಗುರುತುಗಳನ್ನು ಬಿಡಿಸಿ ನೋಡಿದ. ಮುದುಕಿ ದಿನಾ ಮಧ್ಯಾಹ್ನ, ಅವಳ ಲೆಕ್ಕದ ಏಳಕ್ಕೆ, ಪೆಟ್ಟಿಗೆ ತೆರೆದಿದ್ದಳು. ಒಂದು ದಿನವೂ ಐದು ನಿಮಿಷ ಆಚೀಚೆಯಿಲ್ಲ. ಸಂಜೆ ಅದೇ ಮಾತು ಮತ್ತೆ ಕೇಳಿದಾಗ, ಆಗಲೇ ತಗೊಂಡೆನಲ್ಲ ಎಂದು ಸುಮ್ಮನಿದ್ದಳು.

ಹತೀಬು ಯಾರಿಗೂ ಹೇಳಲಿಲ್ಲ. ಪಂಗಾನಿಗೆ ಹೋಗಿ, ಅವಳ ಪೆಟ್ಟಿಗೆಯ ದನಿಯನ್ನು ‘ಒಂದು ಗಂಟೆ’ ಎಂದು ತಿದ್ದಿ, ಪೆಟ್ಟಿಗೆಯನ್ನು ಸ್ವಲ್ಪ ಸರಿಮಾಡಿದ್ದೇನೆ ಎಂದಷ್ಟೇ ಹೇಳಿ ಬಂದ. ಸಾಲು ಹಸಿರಾಯಿತು. ಮೂರು ವಾರದ ಮೇಲೆ ಸಲ್ಹಾ ಫೋನ್ ಮಾಡಿದಳು. ಅಮ್ಮ ಸುಧಾರಿಸಿದ್ದಾಳೆ, ಶುಕ್ರವಾರ ನಾನು ಪೇಟೆಗೆ ಹೋಗುವುದಿಲ್ಲ, ಊಟಕ್ಕೆ ಬನ್ನಿ ಎಂದಳು.

ಚಾಪೆಯ ಮೇಲೆ ಅನ್ನ, ತೆಂಗಿನಹಾಲಿನ ಮೀನು ಬಡಿಸಿ ಸಲ್ಹಾ ಒಳಗೆ ಹೋದಳು. ಬೀಬಿ ಝುಹೂರಾ ಅವನ ಕೈ ಹಿಡಿದುಕೊಂಡಳು.

“ನಿನ್ನ ಕೈಗುಣ ಕಣಪ್ಪ. ಮೊದಲು ನನ್ನ ಕಿವಿಗೆ ಏಳು ಅಂತಲೇ ಕೇಳ್ತಿತ್ತು. ಈಗ ಸರಿಯಾಗಿ ಒಂದು ಅಂತ ಕೇಳುತ್ತೆ.”

ಈಚೆಗೆ ಅಣ್ಣನ ಮೊಮ್ಮಗಳಿಗೆ ಹೆರಿಗೆ ನೋವು ಬಂದು ಕರೆದರೂ ತಾನು ಹೋಗಲಿಲ್ಲವೆಂದು ಅವಳೇ ಹೇಳಿದಳು. ಹೆರಿಗೆಯ ನಡುವೆ ಕೈ ಕೆಲಸ ಮರೆತುಬಿಟ್ಟರೆ ಎಂಬ ಹೆದರಿಕೆ. ಆ ಮನೆಯಲ್ಲಿ ಅವಳಿಲ್ಲದೆ ಹುಟ್ಟಿದ ಮೊದಲ ಮಗು ಅದು.

ಹತೀಬು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ತಲೆ ತಗ್ಗಿಸಿಯೇ ಹೇಳಿದ. “ಬೀಬಿ, ನಿಮಗೆ ಮರೆವೂ ಇರಲಿಲ್ಲ, ಕಿವಿಯೂ ಕೆಟ್ಟಿರಲಿಲ್ಲ. ಪೆಟ್ಟಿಗೆ ಏಳು ಅಂತಲೇ ಅಂತಿತ್ತು. ಹಾಗೆ ಹೇಳಿಸಿದ್ದು ನಾನು.”

ಅವಳು ಕೈ ಬಿಟ್ಟಳು. “ನಿಂಗೆ ಯಾವಾಗ ಗೊತ್ತಾಯ್ತು?”

“ಮೂರು ವಾರ ಆಯ್ತು.”

ಮುದುಕಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ಏಳು ಅಂದ್ರೆ ಏಳಕ್ಕೇ ತಗೊಂಡೆ ಅಂತ ಸಲ್ಹಾಗೆ ಹೇಳಿದ್ದೆ,” ಎಂದಳು. “ನಕ್ಕುಬಿಟ್ಟಳು. ಹೋಗು, ನೀನೇ ಹೇಳು ಅವಳಿಗೆ. ನಾನು ಹೇಳಿದ್ರೆ ಅದಕ್ಕೂ ಮರೆವು ಅಂತಾಳೆ.”

ಅಡುಗೆಮನೆಯಲ್ಲಿ ಸಲ್ಹಾ ಕಾಯಿ ತುರಿಯುತ್ತಿದ್ದಳು. ಬಾಗಿಲಲ್ಲೇ ನಿಂತು ಹತೀಬು ಎಲ್ಲವನ್ನೂ ಹೇಳಿದ. ಮೂರು ವಾರ ಬಾಯಿ ಮುಚ್ಚಿಕೊಂಡಿದ್ದನ್ನೂ ಬಿಡಲಿಲ್ಲ. ಅವಳ ಕೈ ನಿಂತಿತು. ಅವನತ್ತ ನೋಡದೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. “ಮಕ್ಕಳಿಗೆ ಗದರೋ ಹಾಗೆ ಗದರ್ತಿದ್ದೆ ಅವಳಿಗೆ,” ಎಂದಳು, ತನಗೇ ಹೇಳಿಕೊಳ್ಳುವಂತೆ.

ಹೊರಗೆ ಬಂದಾಗ ಬೀಬಿ ಝುಹೂರಾ ಪೆಟ್ಟಿಗೆಯನ್ನು ಅವನ ಮುಂದೆ ಸರಿಸಿದಳು. ಪೆಟ್ಟಿಗೆ ಇರಲಿ, ಈ ದನಿ ಬೇಡ ಎಂದಳು. ಅವಳ ಎದುರಿಗೇ ಅವನು ತನ್ನ ದನಿಯನ್ನು ಅಳಿಸಿಹಾಕಿದ. ಇದೇ ಪೆಟ್ಟಿಗೆ ಇನ್ನೆಷ್ಟು ಮನೆಯಲ್ಲಿದೆ ಎಂದು ಕೇಳಿದಳು. ಒಂಬತ್ತು ಎಂದ.

“ಮತ್ತೆ ಇಲ್ಲಿ ಕೂತು ಏನು ಮಾಡ್ತಿದ್ದೀಯ?”

ಎರಡು ದಿನದಲ್ಲಿ ಹತೀಬು ಪೆಟ್ಟಿಗೆಗಳ ದನಿ ತಿದ್ದುತ್ತ ಒಂಬತ್ತು ಮನೆಗಳನ್ನೂ ಸುತ್ತಿದ. ಪ್ರತಿ ಜಗಲಿಯಲ್ಲೂ ತಪ್ಪು ತನ್ನದೆಂಬ ಅದೇ ಮಾತು ಹೇಳಬೇಕಾಯಿತು. ಒಂಬತ್ತನೆಯದರಲ್ಲೂ ನಾಲಿಗೆ ತೊದಲಿತು. ಆಮೇಲೆ ಹಳೆಯ ವರದಿ ತೆರೆದು, ‘ಬಳಸಿದವರ ಮರೆವು’ ಎಂದಿದ್ದ ಕಡೆ ತನ್ನ ಹೆಸರನ್ನೂ ತನ್ನ ತಪ್ಪನ್ನೂ ಬರೆದು ಮೇಲಧಿಕಾರಿಗೆ ಕೊಟ್ಟ. ಅವರು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ, ಆಶ್ಚರ್ಯಪಟ್ಟರು.

“ನೀನು ಇದೇ ಊರವನಲ್ವೇನಯ್ಯಾ?” ಎಂದರು.

ಹತೀಬು ಹೌದೆಂದು ತಲೆಯಾಡಿಸಿದ.