ಫಿನಿಯಾಸ್‌ನ ಅಣಕ

ಸತ್ತವನ ಕೋಟಿನೊಳಗೆ ಎರಡನೇ ಕೈಯನ್ನೂ ತೂರಿಸಿ ಸೆಕಾಯಿ ಅಂಗಳಕ್ಕಿಳಿದಳು. ಫಿನಿಯಾಸ್‌ನ ಶವಪೆಟ್ಟಿಗೆ ಎತ್ತಲು ಬಗ್ಗಿದ್ದ ಆರು ಮಂದಿ ಮತ್ತೆ ನೆಟ್ಟಗೆ ನಿಂತರು.

“ತಡೀರಿ, ಅವಳು ಅಣಕ ಮಾಡ್ಲಿ ಮೊದ್ಲು,” ಎಂದಳು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ ನ್ಯಾರದ್ಜೊ ಅಜ್ಜಿ. “ನಗಿಸ್ದೆ ಕಳಿಸೋಕೆ ಅವನೇನು ದಾರಿಹೋಕನಾ?”

ಗುತು ಸೀಮೆಯ ಆ ಊರಿನಲ್ಲಿ ಸೆಕಾಯಿಯ ಮನೆತನಕ್ಕೂ ಫಿನಿಯಾಸ್‌ನ ಮನೆತನಕ್ಕೂ ನಾಲ್ಕು ತಲೆಮಾರಿನ ಸಹ್ವಿರಾ ನಂಟು. ಒಂದು ಮನೆಯಲ್ಲಿ ಸಾವಾದರೆ ಇನ್ನೊಂದು ಮನೆಯವರು ಮುಂದೆ ನಿಂತು ಗುಂಡಿ ತೋಡಿಸಬೇಕು. ಸತ್ತವರ ಬಟ್ಟೆ ತೊಟ್ಟು, ಅವರಂತೆ ನಡೆದು, ಮಾತಾಡಿ, ಅಳುವವರನ್ನು ನಗಿಸಬೇಕು. ಫಿನಿಯಾಸ್ ಇದರಲ್ಲಿ ಎಷ್ಟು ಪಳಗಿದ್ದನೆಂದರೆ ನಂಟಿಲ್ಲದ ಮನೆಯವರೂ ಅವನನ್ನೇ ಕರೆಯುತ್ತಿದ್ದರು. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಅವನನ್ನು ಅಣಕಿಸುವ ಹಕ್ಕಿದ್ದವರಲ್ಲಿ ಉಳಿದವಳು ಸೆಕಾಯಿ ಒಬ್ಬಳೇ.

ಅವಳು ಎಡಗಾಲು ಎಳೆದು ನಾಲ್ಕು ಹೆಜ್ಜೆ ಹಾಕಿದಳು.

“ಲೇ, ಅದು ನಿಮ್ಮಪ್ಪನ ಕುಂಟು ಕಣೇ!” ಗುದ್ದಲಿ ಹಿಡಿದಿದ್ದ ಎನೊಕ್ ಕೂಗಿದ.

ಗಂಟಲು ಕೆರೆದು ಕೆಮ್ಮಿದಳು.

“ಅದು ಮೇಷ್ಟ್ರ ಕೆಮ್ಮು! ಅವರು ಹೋಗಿ ಐದು ವರ್ಷ ಆಯ್ತಲ್ಲೇ!”

ಸೊಂಟಕ್ಕೆ ಕೈಕೊಟ್ಟು ತೂರಾಡಿದಳು.

“ಅಯ್ಯೋ, ಅದು ನನ್ನ ಗಂಡ!” ಎಂದಳು ಅಜ್ಜಿ. “ಕುಡಿದು ಬಂದಾಗ ಥೇಟ್ ಹಂಗೇ ನಿಲ್ತಿದ್ದ, ಹಾಳಾದೋನು.”

ಜನ ನಕ್ಕರು. ಫಿನಿಯಾಸ್‌ಗೆ ಸಲ್ಲಬೇಕಾದ ನಗೆ ಅದಾಗಿರಲಿಲ್ಲ.

“ಅವನು ಅಣಕಿಸಿದ ಊರವರನ್ನೆಲ್ಲ ತೋರಿಸ್ದೆ. ಅವನೆಲ್ಲಿ?” ಎಂದ ಎನೊಕ್.

“ಮೂವತ್ತು ವರ್ಷ ಒಂದೇ ಮಡಕೆಯಲ್ಲಿ ಬಿಯರ್ ಕುಡ್ದಿದ್ದೀಯಲ್ಲ ಮಾವ, ನೀನೇ ತೋರ್ಸು ನೋಡೋಣ.”

ಎನೊಕ್ ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಹಿಂದೆ ಸರಿದು ಗುದ್ದಲಿಗೆ ಆತುಕೊಂಡ.

*

ಅಪ್ಪನನ್ನು ಹೂತ ಮಾರನೇ ದಿನ ಸಂಜೆ ಸೆಕಾಯಿ ಸಡ್ಜಾ ಮುದ್ದೆ, ಸೊಪ್ಪು ಹಿಡಿದು ಫಿನಿಯಾಸ್‌ನ ಮನೆಗೆ ಹೋಗಿದ್ದಳು. ಒಳಗೆ ಎರಡು ದನಿ ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದರೆ ಇದ್ದವನು ಒಬ್ಬನೇ. ಗೋಡೆಗೆ ಮುಖಮಾಡಿ ಕೂತ ಫಿನಿಯಾಸ್, ಎದುರಿಗಿದ್ದವರಿಗೆ ನಮಸ್ಕರಿಸುವ ಊರಿನ ರೂಢಿಯಂತೆ ಮೆಲ್ಲಗೆ ಚಪ್ಪಾಳೆ ತಟ್ಟಿ, ಅವಳೆಂದೂ ಕೇಳಿರದ ಸಣ್ಣ ದನಿಯಲ್ಲಿ, “ದಿನ ಹೇಗೆ ಹೋಯ್ತು?” ಎಂದ. ಆಮೇಲೆ ಅವಳ ಅಪ್ಪನ ದನಿಯಲ್ಲಿ ತಾನೇ ಉತ್ತರ ಕೊಟ್ಟ: “ನಿಂದು ಚೆನ್ನಾಗಿ ಹೋಗಿದ್ರೆ ನಂದೂ ಚೆನ್ನಾಗೇ ಹೋಯ್ತು.”

ಅವಳು ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಸದ್ದಿಲ್ಲದೆ ಹಿಂತಿರುಗಿದ್ದಳು. ಯಾರಿಗೂ ಹೇಳಿರಲಿಲ್ಲ.

*

“ಆಗದಿದ್ರೆ ಬಿಡವ್ವ,” ಎಂದ ಎನೊಕ್, ಈ ಬಾರಿ ಮೆತ್ತಗೆ. “ಬಿಸಿಲೇರ್ತಿದೆ.”

ಪೆಟ್ಟಿಗೆಯ ಹಿಡಿಗಳಿಗೆ ಮತ್ತೆ ಕೈಗಳು ಹೋದವು. ಸೆಕಾಯಿ ಜನರಿಗೆ ಬೆನ್ನು ಹಾಕಿ ಗೋಡೆಯ ಮುಂದೆ ಕುಕ್ಕರಿಸಿದಳು. ಅಂಗೈ ಬಾಗಿಸಿ ಮೆಲ್ಲಗೆ ತಟ್ಟಿದಳು.

“ದಿನ ಹೇಗೆ ಹೋಯ್ತು?”

ಹಿಂದೆ ಯಾರೋ ನಗಲು ಶುರುಮಾಡಿ ನಿಲ್ಲಿಸಿದರು.

“ಇದ್ಯಾರ ದನಿ?” ಎಂದ ಎನೊಕ್.

ಅದು ಫಿನಿಯಾಸ್ ಅಣಕಿಸಿದ ಯಾರ ದನಿಯೂ ಆಗಿರಲಿಲ್ಲ. ಸೆಕಾಯಿ ಗೋಡೆಯನ್ನೇ ನೋಡುತ್ತ ಕಾದಳು. ಉತ್ತರವನ್ನು ತಾನು ಆಡಲಿಲ್ಲ. ಮತ್ತೊಮ್ಮೆ ಚಪ್ಪಾಳೆ ತಟ್ಟಿದಳು.

ನ್ಯಾರದ್ಜೊ ಅಜ್ಜಿ ಚಾಚಿದ್ದ ಕಾಲುಗಳನ್ನು ಮಡಚಿ, ತುಸು ಪಕ್ಕಕ್ಕೆ ಸರಿದು, ಚಾಪೆಯ ಮೇಲೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.