ಕೂಗಬಾರದ ಹೆಸರು

ಎಸಿಯ ಬಾಯಿಗೆ ಕಟ್ಟಿದ ರಿಬ್ಬನ್ ಒಮ್ಮೆ ಬಿತ್ತು, ಮತ್ತೆ ಹಾರಿತು, ಅಂದರೆ ಕರೆಂಟು ಹೋಗಿ ಬಂತು, ಪಕ್ಕದಲ್ಲೇ ಕರೆಂಟು ಹುಟ್ಟುವ ರಾಯಚೂರಿಗೆ ಇದೂ ಒಂದು ಭಾಗ್ಯ, ಯುಪಿಎಸ್ ಕುಂಯ್ ಎಂದು ಸುಮ್ಮನಾಯಿತು, ಸರ್ವರ್ ನಿಂತಿಲ್ಲ, ಓಡಲಿ, ಇವತ್ತೊಂದು ದಿನ ಓಡಲಿ ಎಂದುಕೊಂಡಳು ಸಂಘಮಿತ್ರಾ — ಪರದೆಯ ಮೇಲೆ ಹೋದ ವಾರದ ಬ್ಯಾಕಪ್ ಸಾಲುಸಾಲಾಗಿ ಇಳಿಯುತ್ತಿದೆ, ನೋಡುವುದು ಬಿಟ್ಟರೆ ತಾನು ಮಾಡುವಂಥದ್ದು ಏನೂ ಇಲ್ಲ, ಅತ್ತ ಮಾನ್ವಿಯ ಆಸ್ಪತ್ರೆಯ ಹಾಸಿಗೆಯಲ್ಲಿ ಒಂದು ಹುಡುಗಿ ಬಿಳಿಚಿಕೊಂಡು ಮಲಗಿದ್ದಾಳೆ. ಅಲ್ಲಿನ ನರ್ಸ್ ಗುಲ್ನಾಜ್ ಬೆಳಿಗ್ಗೆಯಿಂದ ಫೋನು ಬಿಟ್ಟಿಲ್ಲ, ಮೇಡಂ, ಬಿ ಪಾಸಿಟಿವ್ ಬಾಟ್ಲಿ ಫ್ರಿಜ್‌ನಾಗ ಅದರಿ, ಡಾಕ್ಟ್ರು ಹಾಕಂಗಿಲ್ಲ ಅನ್ನಾಕತ್ತಾರ, ಈ ಹುಡುಗಿಗಿ ಎಲ್ಲಾ ರಕ್ತ ಆಗಂಗಿಲ್ಲಂತ, ಹಿಂದ ರಾಯಚೂರಿಂದ ಟೆಸ್ಟಿಗಿ ಕಳಿಸಿ ಕಂಪ್ಯೂಟರ್‌ನಾಗ ಹಾಕ್ಯಾರಂತ, ಅವರವ್ವ ಹೇಳ್ತಾಳ, ಸ್ವಲ್ಪ ಹುಡುಕ್ರಿ. ಹುಡುಕಿದ್ದಳು. ಬೂದೆಮ್ಮ, ಊರು ಕುರ್ಡಿ, ಗುಲ್ನಾಜ್ ಇವತ್ತೇ ಹೊಸದಾಗಿ ಸೇರಿಸಿದ ಒಂದು ಸಾಲು, ಮುಂದಿನದೆಲ್ಲ ಖಾಲಿ. ಮೈ ತಾನಾಗಿ ರಕ್ತ ಮಾಡಿಕೊಳ್ಳದ ಮಕ್ಕಳು ಇವು, ತಿಂಗಳಿಗೊಮ್ಮೆ ಬೇರೆಯವರ ರಕ್ತದಲ್ಲಿ ಬದುಕುವ ಮಕ್ಕಳು, ಏರಿಸಿ ಏರಿಸಿ ಕೆಲವರ ಮೈ ಹಠ ಹಿಡಿಯುತ್ತದೆ, ಗುಂಪು ಒಂದೇ ಆದರೂ ಇಂಥ ರಕ್ತ ಬೇಡ ಎನ್ನುತ್ತದೆ, ತಪ್ಪಿ ಹಾಕಿದರೆ ಕೊಂದೇಬಿಡುತ್ತದೆ, ಯಾವುದು ಬೇಡ ಎಂದು ತಿಳಿಯಲು ಹೈದರಾಬಾದಿಗೆ ಕಳಿಸಬೇಕು, ನಾಳೆ ಸಂಜೆ ಉತ್ತರ ಬರುತ್ತದೆ, ನಾಳೆ ಸಂಜೆಯವರೆಗೆ ಈ ಹುಡುಗಿ ಇರುವುದಿಲ್ಲ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದಾರೆ. ಗುಲ್ನಾಜ್ ಫೋಟೊ ಕಳಿಸಿದ್ದಳು, ಯಾಕೆ ಕಳಿಸಿದಳೋ, ಮುಚ್ಚಿದ ಕಣ್ಣು, ಹಣೆಯ ತುಂಬ ಬೂದಿ, ಬೂದಿಯ ನಡುವೆ ಹೆಬ್ಬೆರಳು ಒತ್ತಿದ ಗುರುತು, ಒರೆಸಾಕ ಬಿಡವಲ್ಲಳ್ರೀ ಅವರವ್ವ.

ಡೇಟಾಬೇಸಿನ ಹಳೆಯ ಸಾಲುಗಳನ್ನು ಗುಡಿಸಿದವಳು ತಾನೇ. ಬೆಳಿಗ್ಗೆ ಚಹಾ ಆರುವುದರೊಳಗೆ ಗುಡಿಸಿ ಮುಗಿಸಿದ್ದಳು. ವರ್ಷ ದಾಟಿದ್ರೂ ಬರ್ಲಾರದ ಹುಡುಗರನ್ನ ತೆಗೀರಿ ಮೇಡಂ, ವರದಿಯೊಳಗ ಲೆಕ್ಕ ತಪ್ಪಾಕತ್ತದ ಎಂದು ಈ ಮಕ್ಕಳ ರಕ್ತದ ಲೆಕ್ಕ ನೋಡುವ ತಮ್ಮ ಸಂಸ್ಥೆಯ ಕಾರ್ಯದರ್ಶಿ ಅಮರೇಶ ಹೇಳಿದ್ದರು, ಸತ್ತ ಹುಡುಗರು ಎನ್ನಲು ಅವರಿಗೆ ಬಾಯಿ ಬರುವುದಿಲ್ಲ, ಬರಲಾರದ ಹುಡುಗರು. ಮಗುವಿನ ಸಾಲು ತೆಗೆದರೆ ಅದರ ಪರೀಕ್ಷೆಗಳೂ ಹಿಂದೆಯೇ ಹೋಗುವಂತೆ ಕಟ್ಟಿದವಳೂ ಅವಳೇ, ತಾಯಿಯಿಲ್ಲದ ಸಾಲು ಉಳಿಯಬಾರದು ಎಂಬ ಅಚ್ಚುಕಟ್ಟು, ಆಗ ಎಷ್ಟು ಹೆಮ್ಮೆಪಟ್ಟಿದ್ದಳು. ದೇವದುರ್ಗದ ಮಶೀನಿನಲ್ಲಿ ಇನ್ನೊಂದು ಪ್ರತಿ ಇದೆಯಲ್ಲ ಎಂದು ಅದನ್ನು ನೋಡಿಕೊಳ್ಳುವ ಅಂಜಿನೇಯನಿಗೆ ಫೋನು ಮಾಡಿದಳು, ಅವನು ನೋಡಿ, ನಿಮ್ಮ ಕಡೀ ಏನ್ ಹೋಗ್ಯಾದ ನಮ್ಮ ಕಡೀನೂ ಹೋಗ್ಯಾದ್ರಿ ಮೇಡಂ ಎಂದ, ಹೋಗದೆ ಏನು, ಇಲ್ಲಿ ಬರೆದದ್ದನ್ನು ಅಲ್ಲಿ ಬರೆ, ಇಲ್ಲಿ ಅಳಿಸಿದ್ದನ್ನು ಅಲ್ಲಿ ಅಳಿಸು ಎಂದು ಕಲಿಸಿದ್ದು ಯಾರು. ಪೋಸ್ಟ್‌ಗ್ರೆಸ್ ಒಳ್ಳೆಯದೇ, ಎಲ್ಲೆಲ್ಲಿಯವರೋ ಸೇರಿ ಬರೆದು ಲೋಕಕ್ಕೆ ಪುಕ್ಕಟೆ ಬಿಟ್ಟ ಡೇಟಾಬೇಸು, ಆನೆಯ ತಲೆಯ ಗುರುತು, ಆನೆಯಂತೆಯೇ ಹೇಳಿದಷ್ಟು ಮಾಡುತ್ತದೆ, ಯಾಕೆ ಎಂದು ಕೇಳುವುದಿಲ್ಲ, ಅದಕ್ಕೆ ಬೈಯೋಣ ಎಂದರೆ ಫೋನೆತ್ತುವ ಕಂಪನಿಯೂ ಇಲ್ಲ. ಅಳಿಸಿದ ಸಾಲು ಅದರಲ್ಲಿ ಆಗಲೇ ಸಾಯುವುದಿಲ್ಲ, ಕಸ ತೆಗೆಯುವ ಕೆಲಸ ಓಡುವ ತನಕ ಯಾರಿಗೂ ಕಾಣದೆ ಇದ್ದಲ್ಲೇ ಬಿದ್ದಿರುತ್ತದೆ, ಅದನ್ನೂ ಓಡಿಸಿದ್ದಳು, ಕೈ ಹಚ್ಚಿದ ಕೆಲಸ ಅರ್ಧಕ್ಕೆ ಬಿಡುವವಳಲ್ಲ, ಥೂ. ಉಳಿದದ್ದು ಹೋದ ವಾರದ ಬ್ಯಾಕಪ್ಪು, ಅದನ್ನೀಗ ಪಕ್ಕದಲ್ಲೊಂದು ಖಾಲಿ ಜಾಗ ಮಾಡಿ ಇಳಿಸುತ್ತಿದ್ದಾಳೆ, ಇಳಿಯುತ್ತದೆ, ಇಳಿದರೂ ಬೂದೆಮ್ಮ ಅದರಲ್ಲಿ ಇರುವುದಿಲ್ಲ, ಬೂದೆಮ್ಮ ಎಂಬುವವಳು ಆಗ ಹುಟ್ಟಿರಲೇ ಇಲ್ಲ.

ಯಾಕೆಂದರೆ ಹೆಸರು ಬದಲಾಗಿದೆ. ಕಟ್ಟಡದ ಕೆಲಸಕ್ಕೆಂದು ಗಂಡನ ಹಿಂದೆ ಪುಣೆಗೆ ಹೋಗಿದ್ದಳು ಆ ತಾಯಿ, ಬಸವಂತಮ್ಮ, ವರ್ಷದ ಮೇಲಾಯಿತು, ಅಲ್ಲಿ ಮಗು ಕೈಬಿಡುವಂತಾಗಿ ಅಲ್ಲೇ ಯಾರೋ ರಕ್ತ ಹಾಕಿ ಉಳಿಸಿ, ಊರಿಗೆ ಬಂದವಳೇ ಹುಡುಗಿಯನ್ನು ನೀರಮಾನ್ವಿ ಎಲ್ಲಮ್ಮನ ಗುಡಿಗೆ ಕರೆದೊಯ್ದು, ನೆತ್ತಿಯಿಂದ ಬೂದಿ ಸುರಿದು, ನೆರೆಯವಳಿಗೆ ಒಂದು ಮೊರ ಜೋಳಕ್ಕೆ ಮಾರಿದಂತೆ ಮಾಡಿ, ಅಷ್ಟೇ ಜೋಳ ಕೊಟ್ಟು ತಿರುಗಿ ಕೊಂಡು, ಬೂದೆಮ್ಮ ಎಂದು ಕೂಗಿದ್ದಾಳೆ. ಹಳೆಯ ಹೆಸರಿನವಳು ಹೋದಳು, ಹುಡುಕಿಕೊಂಡು ಬಂದ ಸಾವಿಗೆ ಅಂಥವಳು ಇಲ್ಲಿಲ್ಲ ಎಂದು ಹೇಳಿ ಕಳಿಸುವುದು, ಅಷ್ಟೇ. ಸಾವಿನ ಕಣ್ಣಿಗೆ ಬೀಳದಂತೆ ಅಡಗಿಸಿದ ಹುಡುಗಿ ನನ್ನ ಕಣ್ಣಿಗೂ ಬೀಳುತ್ತಿಲ್ಲ. ಗೊತ್ತಿದ್ದವರೆಲ್ಲ ಆ ಹೆಸರು ನುಂಗಿ ಕೂತಿದ್ದಾರೆ, ಗಂಡನ ಫೋನು ಬಂದ್ ಆಗಿದೆ. ಮೂಢನಂಬಿಕೆ ಎನ್ನಬಹುದು, ತಾನು ಬುದ್ಧನ ಫೋಟೊ ಇರುವ ಮನೆಯಲ್ಲಿ ಬೆಳೆದವಳು, ಅಪ್ಪ ಮೌನಪ್ಪ ದೀಕ್ಷೆ ತಗೊಂಡ ದಿನವೇ ಮನೆಯವರ ಹೆಸರೆಲ್ಲ ಬದಲಿಸಿದ್ದ, ಹುಲಿಗೆಮ್ಮ ಹೋಗಿ ಸಂಘಮಿತ್ರಾ ಬಂದಳು, ಶಾಲೆಯಲ್ಲಿ, ಕಾರ್ಡಿನಲ್ಲಿ, ಎಲ್ಲ ಕಡೆ, ಅಜ್ಜಿ ವೆಂಕಮ್ಮನ ಬಾಯಿ ಒಂದನ್ನು ಬಿಟ್ಟು. ಅಪ್ಪ ಮನೆಯಲ್ಲಿಲ್ಲದಾಗ ಹಿತ್ತಲಿಂದ, ಯೇ ಹುಲಿಗೀ, ರೊಟ್ಟಿ ತಿನ್ನು ಬಾ ಬೇ, ಅನ್ನುವುದರೊಳಗೆ ತಾನು ಹ್ಞೂಂ ಅಂದಿರುತ್ತಿದ್ದಳು, ನಿದ್ದೆಗಣ್ಣಲ್ಲೂ ಅನ್ನುತ್ತಿದ್ದಳು, ಈಗ ಅಜ್ಜಿಯಿಲ್ಲ, ಈಗ ಯಾರಾದರೂ ಕೂಗಿದರೂ —

ಇಳಿಯಿತು. ಪರದೆ ಸುಮ್ಮನಾಯಿತು. ಊರು ಕುರ್ಡಿ, ಹೆಣ್ಣು, ಬಿ ಪಾಸಿಟಿವ್, ಇತ್ತೀಚೆಗೆ ಬಾರದವರು ಎಂದು ಕೇಳಿದಳು, ಮೂರು ಸಾಲು ಬಂದವು. ಮಂಜುಳಾ, ದ್ಯಾವಮ್ಮ, ಕಲ್ಯಾಣಿ. ಹುಟ್ಟಿದ ತಾರೀಖು ಮೂರಕ್ಕೂ ಜೂನ್ ಒಂದು, ಶಾಲೆಗೆ ಸೇರಿಸುವಾಗ ಮಾಸ್ತರರು ಬರೆಯುವ ಜೂನ್ ಒಂದು, ಇಸವಿಯೂ ಅಂದಾಜಿನದೇ, ಫೋನು ಮೂರಕ್ಕೂ ಊರಿನ ಒಂದೇ ಕಿರಾಣಿ ಅಂಗಡಿಯದು, ಆ ನಂಬರು ಈಗ ಚಾಲ್ತಿಯಲ್ಲಿಲ್ಲ, ತಂದೆತಾಯಿ ಹೆಸರಿನ ಕಾಲಂ ಸೇರಿಸಿದ್ದೇ ಆಮೇಲೆ, ಹಳೆಯ ಸಾಲುಗಳಲ್ಲಿ ಅದು ಖಾಲಿ. ಮೂವರಿಗೂ ಪರೀಕ್ಷೆ ಆಗಿದೆ, ಮೂವರಿಗೂ ಆಗದ ರಕ್ತ ಬೇರೆಬೇರೆ, ಮೂವರಲ್ಲಿ ಇಬ್ಬರು ಅಮರೇಶ ಅವರ ಭಾಷೆಯಲ್ಲಿ ಬರಲಾರದವರೇ ಇರಬಹುದು, ಸತ್ತ ಹುಡುಗಿಯ ಉತ್ತರ ಬದುಕಿದವಳಿಗೆ ಕೊಟ್ಟರೆ ಅವಳೂ ಆ ಸಾಲಿಗೇ. ಗುಲ್ನಾಜ್ ವಿಡಿಯೊ ಹಚ್ಚಿದಳು. ಬಸವಂತಮ್ಮನ ಮುಖ, ಕಲ್ಲಾದ ಮುಖ, ಅಕ್ಕಾರ, ನಿಮ್ಮ ಕಾಲಿಗಿ ಬೀಳ್ತೀನಿ, ಅದೊಂದು ಕೇಳಬ್ಯಾಡ್ರಿ, ಅಕಿ ಸತ್ತು ಹೋದ್ಲು, ಇಕಿ ನಮ್ಮ ಬೂದೆಮ್ಮ. ಯವ್ವಾ, ಗುಲ್ನಾಜ್ ಕಿವ್ಯಾಗರ ಹೇಳು, ಯಾರಿಗೂ ಗೊತ್ತಾಗಂಗಿಲ್ಲ, ಎಂದಳು ಸಂಘಮಿತ್ರಾ. ಹೇಳಿದ್ರ ಅದಕ್ಕ ಕೇಳಿಸ್ತದ್ರೀ. ಹೇಳಲಿಲ್ಲಂದ್ರ ನಿನ್ನ ಮಗಳು ಉಳಿಯಂಗಿಲ್ಲ ಬೇ, ಎಂದಳು, ಆ ಹೆಂಗಸು ಸೆರಗು ಬಾಯಿಗೆ ತುರುಕಿಕೊಂಡು ತಲೆಯಾಡಿಸಿದಳು, ಇಲ್ಲ, ಇಲ್ಲ.

ಹಾಗಾದರೆ ತಾನೇ ಓದಬೇಕು. ಒಂದೊಂದಾಗಿ ಓದಿ ಆ ಮುಖ ನೋಡಬೇಕು, ಯಾವ ಹೆಸರಿಗೆ ಬೆಚ್ಚುತ್ತಾಳೋ ಅದು. ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ, ಬೇರೆ ದಾರಿಯೂ ಇಲ್ಲ, ಗುಲ್ನಾಜ್, ಫೋನು ಹಂಗೇ ಹಿಡಿ. ಮಂಜುಳಾ. ಮುಖ ಅಲುಗಲಿಲ್ಲ. ದ್ಯಾವಮ್ಮ. ಅಲುಗಲಿಲ್ಲ, ಈ ಹೆಂಗಸು ಗಟ್ಟಿ ಮಾಡಿಕೊಂಡು ಕೂತಿದ್ದಾಳೆ, ಸಾವಿನೆದುರಿಗೂ ಹೀಗೇ ಕೂತಿದ್ದಿರಬೇಕು. ಕಲ್ಯಾಣಿ. ಅಲುಗಲಿಲ್ಲ — ಕೆಳಗಿನಿಂದ, ದಿಂಬಿನ ಕಡೆಯಿಂದ, ಕಣ್ಣು ಮುಚ್ಚಿದ್ದ ಹುಡುಗಿ, ಹ್ಞೂಂ, ಎಂದಳು. ಅಜ್ಜಿಯ ಕೂಗಿಗೆ ಅನ್ನುವಂತೆ, ರೊಟ್ಟಿಗೆ ಬಂದೆ ಅನ್ನುವಂತೆ. ಅಯ್ಯೋ ಎಂದಳು ಬಸವಂತಮ್ಮ, ಕೂಗಲಿಲ್ಲ, ಉಸಿರಲ್ಲೇ ಅಂದಳು. ಮೇಡಂ, ಕಲ್ಯಾಣಿದು ಓದ್ರಿ ಲಗೂ, ಎಂದಳು ಗುಲ್ನಾಜ್, ಸಂಘಮಿತ್ರಾ ಓದಿದಳು, ಫ್ರಿಜ್ಜಿನ ಬಾಟಲಿ ಆಗದು, ಆಗುವಂಥದ್ದು ಇಲ್ಲೇ ರಾಯಚೂರಿನ ರಕ್ತನಿಧಿಯಲ್ಲಿದೆ, ಡ್ರೈವರ್ ಪೀರಾ ಸಾಬ್ ಐಸ್ ಡಬ್ಬಿ ತಗೊಂಡು ಹೊರಟ, ಮಾನ್ವಿಗೆ ತಾಸಿನ ದಾರಿ, ಆ ಒಂದು ತಾಸಿಗೆ ತಾನು ಏನೂ ಮಾಡುವಂತಿಲ್ಲ, ಓಡಿಸುವ ಆಜ್ಞೆಯಿಲ್ಲ, ತಿರುಗಿ ತರುವ ಬ್ಯಾಕಪ್ಪಿಲ್ಲ, ಆಡಿದ ಹೆಸರನ್ನು ಮತ್ತೆ ಒಳಗೆ ಎಳೆದುಕೊಳ್ಳುವಂತಿಲ್ಲ, ಗುಲ್ನಾಜ್ ಓಡುವ ಅವಸರದಲ್ಲಿ ಫೋನನ್ನು ಮಂಚದ ತುದಿಗೆ ಒರಗಿಸಿಟ್ಟಿದ್ದಾಳೆ, ಬಂದ್ ಮಾಡಿಲ್ಲ, ಬಂದ್ ಮಾಡಲು ತನ್ನ ಕೈಯೂ ಏಳುತ್ತಿಲ್ಲ, ಬಸವಂತಮ್ಮ ಸೆರಗಿನ ಗಂಟು ಬಿಚ್ಚಿ ಬೂದಿ ತೆಗೆದಳು, ಬೂದೆಮ್ಮ, ಬೂದೆಮ್ಮ, ನೀ ಬೂದೆಮ್ಮ, ಹಣೆಯ ಮೇಲೆ ಬೂದಿ, ಬೂದಿಯ ಮೇಲೆ ಹೆಬ್ಬೆರಳು, ಒತ್ತಿದ್ದಾಳೆ, ಎತ್ತುತ್ತಿಲ್ಲ, ಬೂದಿಯ ಮೇಲೆ ಹೆಬ್ಬೆರಳು, ಎತ್ತುತ್ತಿಲ್ಲ